ಫೈಟರ್ ಮೀನಿಗೆ ಹುಷಾರಿಲ್ವಾ? ಮೊದಲು ನೀರು ನೋಡಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ಕಡೆಯ ಸ್ನೇಹಿತರಿಂದ ನನಗೆ ಬರೋ ಮೆಸೇಜುಗಳಲ್ಲಿ ಒಂದು ಯಾವಾಗ್ಲೂ ಒಂದೇ ಥರ ಇರುತ್ತೆ. ಮೂಲೆಯಲ್ಲಿ ಮುದುಡಿಕೊಂಡು ಕೂತ ಬೆಟ್ಟಾ ಮೀನಿನ ಫೋಟೊ, ಕೆಳಗೆ "ಯಾವ ಔಷಧಿ ಹಾಕ್ಲಿ ಗುರು?" ಅಂತ ಪ್ರಶ್ನೆ. ನಾಯಿಗೋ ಹಸುಗೋ ಆದ್ರೆ ಪಶು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀವಿ. ಇನ್ನೂರು ರೂಪಾಯಿ ಮೀನನ್ನ ಕವರಲ್ಲಿ ಹಿಡ್ಕೊಂಡು ಹೋಗೋಕೆ ಯಾರಿಗೂ ಮನಸ್ಸು ಬರಲ್ಲ.

ನಾನು ವಾಪಸ್ ಕೇಳೋದು ಮೂರು ಪ್ರಶ್ನೆ: ತೊಟ್ಟಿ ಎಷ್ಟು ಲೀಟರ್? ನೀರು ನಲ್ಲಿಯದೋ ಬೋರಿಂದೋ? ಅಮೋನಿಯಾ ಎಷ್ಟಿದೆ? ಲಾಗ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡೋರನ್ನ ನಾವು ಆಫೀಸಲ್ಲಿ ಬೈಕೋತೀವಲ್ಲ, ನೀರು ಪರೀಕ್ಷಿಸದೆ ಔಷಧಿ ಹಾಕೋದೂ ಅದೇ ಕೆಲಸ.

ಸಣ್ಣ ಬಟ್ಟಲಿನ ಕಥೆ

ಅಂಗಡಿಯಲ್ಲಿ ನಾವು 'ಫೈಟರ್' ಅನ್ನೋ ಈ ಮೀನಿನ ತವರು ಥಾಯ್ಲೆಂಡ್ ಕಡೆಯ ಗದ್ದೆ, ಜೌಗು ನೆಲ. 2019ರಲ್ಲಿ ಆ ದೇಶ ಇದನ್ನ ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಕಿವಿರಿನ ಜೊತೆಗೆ ಇದಕ್ಕೆ ಲ್ಯಾಬಿರಿಂಥ್ ಅನ್ನೋ ಅಂಗವೂ ಇದೆ, ಮೇಲೆ ಬಂದು ನೇರವಾಗಿ ಗಾಳಿ ಕುಡಿಯುತ್ತೆ. ಅದಕ್ಕೇ ಅಂಗಡಿಯವರು ಅರ್ಧ ಲೀಟರ್ ಬಾಟಲಿಯಲ್ಲಿಟ್ಟು ಮಾರ್ತಾರೆ, ನಾವೂ ಆಫೀಸ್ ಟೇಬಲ್ ಮೇಲಿನ ಬಟ್ಟಲಲ್ಲಿ ಇಟ್ಕೋತೀವಿ.

ಆಮ್ಲಜನಕ ಕಮ್ಮಿ ಇದ್ರೆ ಅದು ತಡ್ಕೊಳ್ಳುತ್ತೆ, ಅಮೋನಿಯಾ ತಡ್ಕೊಳ್ಳಲ್ಲ. ಮೀನು ಕಿವಿರಿನಿಂದ ಬಿಡೋ ಅಮೋನಿಯಾ, ಜೊತೆಗೆ ಹಿಕ್ಕೆ ಮತ್ತು ತಿನ್ನದೆ ಉಳಿದ ಕಾಳು ಕೊಳೆತು ಹುಟ್ಟೋ ಅಮೋನಿಯಾ ಎಲ್ಲ ಸೇರಿ ಕಿವಿರನ್ನೇ ಸುಡುತ್ತೆ. ಫಿಲ್ಟರಿನ ಸ್ಪಾಂಜಲ್ಲಿ ಬೆಳೆಯೋ ಬ್ಯಾಕ್ಟೀರಿಯಾಗಳು ಇದನ್ನ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ವಾರಕ್ಕೊಮ್ಮೆ ನೀರು ಬದಲಿಸಿದ್ರೆ ಸಾಕು. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರೋಕೆ ನಾಲ್ಕರಿಂದ ಆರು ವಾರ ಬೇಕು. ಫಿಲ್ಟರ್ ಇಲ್ಲದ ಬಟ್ಟಲಲ್ಲಿ ಅವಕ್ಕೆ ಸರಿಯಾದ ನೆಲೆಯೇ ಇಲ್ಲ.

ನಮ್ಮ ಕಡೆಯ ನೀರು

ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ ಹರಿಯೋ ಸೀಮೆ ನಮ್ದು. ಆದ್ರೂ ಬಹಳಷ್ಟು ಮನೆಗಳ ತೊಟ್ಟಿಗೆ ಬೀಳೋದು ಬೋರ್ ನೀರು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟಿದ್ರೆ ನಿಮ್ಮದು ಗಡಸು ನೀರು. ಗಡಸು ನೀರಿಗೆ ಬೆಟ್ಟಾ ಹೊಂದಿಕೊಳ್ಳುತ್ತೆ, ತೊಂದರೆ ಇರೋದು ಪಿಹೆಚ್‌ನಲ್ಲಿ. ಪಿಹೆಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ನೂರಕ್ಕೆ ಒಂದು ಪಾಲೂ ಇರಲ್ಲ. 8 ಆದ್ರೆ ಸುಮಾರು ಐದು ಪಾಲು. ಕಿಟ್ ತೋರಿಸೋ ಅಂಕಿ ಒಂದೇ, ಅಪಾಯ ಹತ್ತಿರ ಹತ್ತಿರ ಹತ್ತು ಪಟ್ಟು.

ಬೋರ್ ನೀರನ್ನ ಮೇಲೆತ್ತಿದ ತಕ್ಷಣ ಅಳೆದ ಪಿಹೆಚ್ ನಂಬಬೇಡಿ. ಅದರಲ್ಲಿ ಕರಗಿರೋ ಇಂಗಾಲದ ಡೈಆಕ್ಸೈಡ್ ಹೊರಗೆ ಹೋದ ಹಾಗೆ ಪಿಹೆಚ್ ಏರುತ್ತೆ. ಒಂದು ರಾತ್ರಿ ಬಕೆಟ್ಟಲ್ಲಿ ಬಿಟ್ಟು ಬೆಳಿಗ್ಗೆ ಅಳೀರಿ. ನಲ್ಲಿ ನೀರಾದ್ರೆ ಕ್ಲೋರಿನ್ ಇರುತ್ತೆ, ಅಂಗಡಿಯಲ್ಲಿ ಸಿಗೋ ಆಂಟಿ-ಕ್ಲೋರಿನ್ ಹನಿ ಹಾಕಿ.

ಪಿರಿಯಾಪಟ್ಟಣದ ರಾಕಿ

ನಮ್ಮಕ್ಕನ ಮನೆ ಪಿರಿಯಾಪಟ್ಟಣದಲ್ಲಿ. ಅವಳ ಮಗನ ನೀಲಿ ಫೈಟರ್ ಹೆಸರು ರಾಕಿ. ಮೂರು ಲೀಟರ್ ಗಾಜಿನ ಬಟ್ಟಲು. ಬಾಲದ ಅಂಚು ಕಪ್ಪಾಗಿ ಚಿಂದಿಯಾಗಿತ್ತು, ಎರಡು ದಿನದಿಂದ ಊಟ ಬಿಟ್ಟಿತ್ತು. ಅಂಗಡಿಯಿಂದ ತಂದ ನೀಲಿ ಔಷಧಿ ಪಕ್ಕದಲ್ಲೇ ರೆಡಿ ಇತ್ತು. ಅಜ್ಜಿ ಬಗ್ಗಿ ಮೂಸಿ ನೋಡಿ, "ನೀರು ಮುಗ್ಗು ವಾಸ್ನೆ ಬರ್ತಿದೆ ಕಣೋ" ಅಂದ್ರು. ಕಿಟ್ ಅದನ್ನೇ ಅಂಕಿಯಲ್ಲಿ ಹೇಳಿತು: ಅಮೋನಿಯಾ 2 ಪಿಪಿಎಂ, ಪಿಹೆಚ್ 8.

"ಸತ್ತೋಗುತ್ತಾ ಮಾವ?" ಅಂತ ಹುಡುಗ ಕೇಳಿದ. "ಗೊತ್ತಿಲ್ಲ ಕಣೋ, ಇವತ್ತು ನೀರು ಸರಿ ಮಾಡೋಣ" ಅಂದೆ.

ಔಷಧಿ ಬಾಟಲಿ ತೆರೀಲಿಲ್ಲ. ರಾತ್ರಿಯೆಲ್ಲ ಬಕೆಟ್ಟಲ್ಲಿಟ್ಟ, ಅದೇ ಉಷ್ಣತೆಯ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿದ್ವಿ. ಸಂಜೆ ಮತ್ತೆ ಅಷ್ಟೇ. ಎರಡು ದಿನ ಊಟ ಬಂದ್. ಮೂರನೇ ದಿನ ಇಪ್ಪತ್ತು ಲೀಟರಿನ ತೊಟ್ಟಿ, ಹೀಟರ್, ಜೊತೆಗೆ ನನ್ನ ಮನೆಯ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಓಡಿದ್ದ ಸ್ಪಾಂಜ್ ಫಿಲ್ಟರ್. ಬ್ಯಾಕ್ಟೀರಿಯಾ ಒಣಗದ ಹಾಗೆ ಅದನ್ನ ಒದ್ದೆಯಾಗೇ ತಂದಿದ್ದೆ. ಐದನೇ ದಿನ ಅಮೋನಿಯಾ ಸೊನ್ನೆ, ರಾಕಿ ಒಂದು ಕಾಳು ನುಂಗಿದ. ಮೂರು ವಾರಕ್ಕೆ ಬಾಲದ ಅಂಚಲ್ಲಿ ಗಾಜಿನಂಥ ಹೊಸ ಚಿಗುರು ಬಂತು. ಮೊದಲಿನ ಉದ್ದ ಇನ್ನೂ ಬಂದಿಲ್ಲ.

ಹಾಗಾದ್ರೆ ಔಷಧಿ ಬೇಡ್ವಾ?

ಬೇಕಾಗುತ್ತೆ, ರೋಗ ಗುರುತಿಸಿದ ಮೇಲೆ. ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಬಂದ್ರೆ ಅದು ಇಕ್, ಟಾರ್ಚ್ ಬಿಟ್ಟಾಗ ಚಿನ್ನದ ಪುಡಿ ಉದುರಿಸಿದ ಹಾಗೆ ಕಂಡ್ರೆ ವೆಲ್ವೆಟ್. ಇವೆರಡೂ ಪರಜೀವಿಗಳು, ಅವಕ್ಕಾಗೇ ಇರೋ ಔಷಧಿ ಬೇಕು. ಹೊಟ್ಟೆ ಮಾತ್ರ ಉಬ್ಬಿದ್ರೆ ಮೊದಲು ಒಂದೆರಡು ದಿನ ಉಪವಾಸ. ಹೊಟ್ಟೆ ಉಬ್ಬಿ ಪೊರೆಗಳೆಲ್ಲ ಎದ್ದು ನಿಂತ್ರೆ ಅದು ಡ್ರಾಪ್ಸಿ; ಆ ಹಂತದಲ್ಲಿ ಉಳಿಯೋದು ಕಷ್ಟ.

ಅಂಚು ಕೊಳೆಯೋಕೆ ಶುರುವಾಗಿದ್ರೆ ಅಯೋಡಿನ್ ಇಲ್ಲದ ಕಲ್ಲುಪ್ಪು ಸಹಾಯ ಮಾಡುತ್ತೆ. ನಾಲ್ಕು ಲೀಟರಿಗೆ ಒಂದು ಟೀ ಚಮಚ, ಬೇರೆ ಪಾತ್ರೆಯಲ್ಲಿ ಕರಗಿಸಿ ಹಾಕಿ, ಹತ್ತು ದಿನ ಮೀರಬೇಡಿ. ಉಪ್ಪು ಆವಿಯಾಗಲ್ಲ, ಹಾಗಾಗಿ ತೆಗೆದ ನೀರಿನ ಲೆಕ್ಕಕ್ಕೆ ಮಾತ್ರ ಮತ್ತೆ ಸೇರಿಸಿ. ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಮಾತ್ರೆ ಪುಡಿ ಮಾಡಿ ಹಾಕಲೇಬೇಡಿ. ಅಳತೆ ಗೊತ್ತಿರಲ್ಲ, ಸ್ಪಾಂಜಿನ ಒಳ್ಳೆ ಬ್ಯಾಕ್ಟೀರಿಯಾವೂ ಸಾಯಬಹುದು.

ಮನೆಯೊಳಗಿನ ವಿಷ

ಸೊಳ್ಳೆ ಬತ್ತಿ, ಲಿಕ್ವಿಡ್ ಮೆಷಿನ್ನಿನಲ್ಲಿರೋ ಪೈರೆಥ್ರಾಯ್ಡ್ ಮೀನಿಗೆ ಕಡು ವಿಷ. ತೊಟ್ಟಿ ಇರೋ ಕೋಣೆಯಲ್ಲಿ ಹಚ್ಚಬೇಡಿ, ಪರದೆ ಕಟ್ಟಿ. ಹುಣಸೂರು, ಪಿರಿಯಾಪಟ್ಟಣದವರಿಗೆ ಇನ್ನೊಂದು ಮಾತು: ಹೊಗೆಸೊಪ್ಪು ಮುಟ್ಟಿದ ಕೈಯನ್ನ ಸೋಪು ಹಾಕಿ ತೊಳೆದು, ಸೋಪೂ ಉಳಿಯದ ಹಾಗೆ ಜಾಲಿಸಿ ಆಮೇಲೆ ತೊಟ್ಟಿಗೆ ಹಾಕಿ. ನಿಕೋಟಿನ್ ಕೂಡ ಮೀನಿಗೆ ವಿಷ. ಹೊಲಕ್ಕೆ ಔಷಧಿ ಹೊಡೆಯೋ ಬಕೆಟ್ಟಂತೂ ಎಷ್ಟು ತೊಳೆದ್ರೂ ಬೇಡ.

ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನೀರು 25 ಡಿಗ್ರಿಗಿಂತ ಕೆಳಗೆ ಇಳಿಯದ ಹಾಗೆ ಹೀಟರ್ ಇರ್ಲಿ. ಸ್ಪಾಂಜನ್ನ ನಲ್ಲಿ ಕೆಳಗೆ ತೊಳೀಬೇಡಿ, ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ. ಇಡೀ ನೀರನ್ನ ಒಂದೇ ಸಲ ಚೆಲ್ಲಬೇಡಿ.

"ಇದಕ್ಕೆಲ್ಲ ಆಗೋ ಖರ್ಚಲ್ಲಿ ಹೊಸ ಮೀನೇ ಬರುತ್ತಲ್ಲ" ಅಂತ ಕೇಳೋರೂ ಇದ್ದಾರೆ. ಬರುತ್ತೆ. ಆದ್ರೆ ಅದನ್ನೂ ಅದೇ ನೀರಿಗೇ ಬಿಡ್ತೀರಿ. ಚೆನ್ನಾಗಿ ನೋಡ್ಕೊಂಡ್ರೆ ಬೆಟ್ಟಾ ಮೂರು ವರ್ಷದವರೆಗೂ ಬದುಕುತ್ತೆ. ಮುಂದಿನ ಸಲ ನನಗೆ ಫೋಟೊ ಕಳಿಸುವಾಗ ಕೆಳಗೆ ಅಮೋನಿಯಾ, ನೈಟ್ರೈಟ್, ಪಿಹೆಚ್ ಮೂರನ್ನೂ ಬರೆದು ಕಳ್ಸಿ. ಅರ್ಧ ಉತ್ತರ ನಿಮಗೇ ಸಿಕ್ಕಿರುತ್ತೆ.