ಡಬ್ಲಿನ್ ಡೈರಿ, ಭಾಗ 6: ಬಾಣಲೆ, ಬೈಗುಳ ಮತ್ತು 'ತಪ್ಪು' ಇಂಗ್ಲಿಷ್

ಇವತ್ತಿನ ಕ್ಯಾಪ್ಶನ್ ಸ್ವಲ್ಪ ಉದ್ದ ಇದೆ. ಬಸ್ಸಲ್ಲಿದ್ರೆ ಓದಿ, ಕ್ಲಾಸಲ್ಲಿದ್ರೆ ಸೇವ್ ಮಾಡ್ಕೊಳ್ಳಿ.

ಇಲ್ಲಿಗೆ ಬಂದ ಎರಡನೇ ವಾರ. ಮನೆಯಲ್ಲಿರೋ ಐರಿಷ್ ಹುಡುಗಿ ಅಡುಗೆಮನೆಯಿಂದ ಹೊರಗೆ ಬರ್ತಾ "ಐ ಆಮ್ ಆಫ್ಟರ್ ಕ್ಲೀನಿಂಗ್ ದ ಕಿಚನ್" ಅಂದ್ಲು. ಕ್ಲೀನ್ ಮಾಡೋಕೆ ಹೊರಟಿದಾಳೆ ಅಂದ್ಕೊಂಡೆ. ಹೇಗೂ ತೊಳೀತಾಳಲ್ಲ ಅಂತ ಒಗ್ಗರಣೆ ಹಾಕಿದ ಬಾಣಲೆನ ಸಿಂಕಲ್ಲಿ ಬಿಟ್ಟು ಕಾಲೇಜಿಗೆ ಹೋದೆ. ಅವಳು ಹೇಳಿದ್ದು 'ಈಗ ತಾನೇ ಕ್ಲೀನ್ ಮಾಡಿ ಮುಗಿಸಿದೀನಿ' ಅಂತ! ಸಂಜೆ ಇನ್ನೊಬ್ಬ ಹೌಸ್‌ಮೇಟ್ ಬಂದು "ಶಿ ವಾಸ್ ಗಿವಿಂಗ್ ಔಟ್ ಅಬೌಟ್ ಯು" ಅಂದ. ನನ್ನ ಬಗ್ಗೆ ಏನು ಹಂಚ್ತಿದ್ಲು ಅಂತ ಯೋಚ್ನೆ ಮಾಡ್ದೆ. ಗಿವಿಂಗ್ ಔಟ್ ಅಂದ್ರೆ ಇಲ್ಲಿ ಬೈಯೋದು.

ಈ ಕಥೆನ ಸ್ಟೋರಿಗೆ ಹಾಕಿದಾಗ ನಮ್ಮ ಕ್ಲಾಸ್‌ನವರಿಂದ ಬಂದ ರಿಪ್ಲೈ ಹೆಚ್ಚುಕಮ್ಮಿ ಒಂದೇ: "ಅವರಿಗೇ ಇಂಗ್ಲಿಷ್ ಬರಲ್ಲ ಮಗಾ, ನಾವು ಯಾಕೆ ಐಇಎಲ್‌ಟಿಎಸ್ ಬರೀಬೇಕು?" ನಾನೂ ನಕ್ಕೆ. ಈಗ ಆ ನಗು ವಾಪಸ್ ತಗೋತಿದೀನಿ.

ಯಾಕಂದ್ರೆ ಅದು ತಪ್ಪು ಇಂಗ್ಲಿಷ್ ಅಲ್ಲ. ಅದು ಐರಿಷ್ ಭಾಷೆಯ ವ್ಯಾಕರಣ, ಮೇಲೆ ಇಂಗ್ಲಿಷ್ ಪದಗಳ ಅಂಗಿ ಹಾಕ್ಕೊಂಡಿದೆ. ಒಂದು ಕೆಲಸ ಈಗಷ್ಟೇ ಮುಗೀತು ಅನ್ನೋಕೆ ಐರಿಷ್‌ನಲ್ಲಿ 'ಆ ಕೆಲಸದ ನಂತರ ಇದೀನಿ' ಅನ್ನೋ ಥರ ಹೇಳ್ತಾರೆ. ಬೈಯೋದಕ್ಕೆ ಅಲ್ಲಿರೋ ಮಾತಿನ ಅಕ್ಷರಶಃ ಅರ್ಥ 'ಹೊರಗೆ ಕೊಡೋದು'. ಇನ್ನೊಂದು ವಿಷಯ ಕೇಳಿ, ಐರಿಷ್‌ನಲ್ಲಿ 'ಹೌದು', 'ಇಲ್ಲ' ಅನ್ನೋದಕ್ಕೆ ಬಿಡಿ ಪದಗಳೇ ಇಲ್ಲ. ಕೇಳಿದ ಕ್ರಿಯಾಪದವನ್ನೇ ತಿರುಗಿ ಹೇಳ್ಬೇಕು. ಅದಕ್ಕೇ ಇಲ್ಲಿ "ಡಿಡ್ ಯು ಈಟ್?" ಅಂದ್ರೆ ಬರೀ ಯೆಸ್ ಅನ್ನೋದಕ್ಕಿಂತ "ಐ ಡಿಡ್" ಅನ್ನೋದೇ ಜಾಸ್ತಿ ಕೇಳ್ಸುತ್ತೆ. ನಮ್ಮನೇಲಿ "ಊಟ ಆಯ್ತಾ?" ಅಂದ್ರೆ "ಹೌದು" ಅಂತೀವಾ? "ಆಯ್ತು" ಅಂತೀವಿ. ಐರಿಷ್‌ನವರು 'ನಾನು ಹಸಿದಿದೀನಿ' ಅನ್ನಲ್ಲ, 'ನನ್ನ ಮೇಲೆ ಹಸಿವಿದೆ' ಅಂತಾರೆ. 'ನನಗೆ ಹಸಿವಾಗಿದೆ' ಅನ್ನೋ ನಮಗೆ ಇದು ಅರ್ಥ ಆಗದೇ ಇರುತ್ತಾ?

ಪದಗಳ ಕಥೆ ಬೇರೆ. 'ಟವೆಲ್ ಹಾಟ್ ಪ್ರೆಸ್‌ನಲ್ಲಿದೆ' ಅಂದಾಗ ನಾನು ಇಸ್ತ್ರಿಪೆಟ್ಟಿಗೆ ಹುಡುಕಿದೀನಿ. ಪ್ರೆಸ್ ಅಂದ್ರೆ ಕಪಾಟು, ಹಾಟ್ ಪ್ರೆಸ್ ಅಂದ್ರೆ ಬಿಸಿನೀರಿನ ಟ್ಯಾಂಕ್ ಇರೋ ಬೆಚ್ಚಗಿನ ಕಪಾಟು. ಹೆಸರು ನೆನಪಾಗದ ಯಾವ ವಸ್ತುವಾದ್ರೂ 'ಯೋಕ್'. 'ಯುವರ್ ಮ್ಯಾನ್' ಅಂದ್ರೆ ನಿಮ್ಮ ಗಂಡ ಅಲ್ಲ, 'ಅವ್ನು ಇದಾನಲ್ಲ, ಅವ್ನು' ಅಂತ ಅಷ್ಟೇ. 'ಗ್ರ್ಯಾಂಡ್' ನಮ್ಮ 'ಪರವಾಗಿಲ್ಲ' ಇದ್ದ ಹಾಗೆ, ಅದ್ದೂರಿ ಏನಿಲ್ಲ. ಎಲ್ಲರ ಟೀ-ಶರ್ಟ್ ಮೇಲಿರೋ 'ಕ್ರ್ಯಾಕ್' ಇದೆಯಲ್ಲ, ಅದರ ಸ್ಪೆಲಿಂಗ್ ಮಾತ್ರ ಐರಿಷ್, ಪದ ಇಂಗ್ಲಿಷ್-ಸ್ಕಾಟ್ಸ್ ಕಡೆಯಿಂದ ಬಂದಿದ್ದು. ಜೇಮ್ಸ್ ಜಾಯ್ಸ್ 1916ರ ಕಾದಂಬರಿಯಲ್ಲಿ ಇಂಥದ್ದೇ ಒಂದು ಪ್ರಸಂಗ ಇಟ್ಟಿದಾನೆ. ಐರಿಷ್ ಹುಡುಗ ಲಾಳಿಕೆಗೆ 'ಟನ್‌ಡಿಶ್' ಅಂತಾನೆ, ಇಂಗ್ಲೆಂಡಿನ ಮೇಷ್ಟ್ರು ಆ ಪದ ಕೇಳೇ ಇಲ್ಲ ಅಂತಾರೆ. ಆಮೇಲೆ ಹುಡುಗ ಡಿಕ್ಷನರಿ ನೋಡಿದ್ರೆ ಅದು ಅಪ್ಪಟ ಹಳೇ ಇಂಗ್ಲಿಷ್!

ಇಷ್ಟು ಬರೆದು ಒಬ್ಬ ಕ್ಲಾಸ್‌ಮೇಟ್‌ಗೆ ಕಳಿಸಿದೆ. ಅವನು ಹೇಳಿದ್ದು: "ಸೂಪರ್ ಗುರು! ಹಾಗಾದ್ರೆ ಕನ್ನಡ ಹೋದ್ರೂ ಟೆನ್ಶನ್ ಇಲ್ಲ, ನಮ್ಮ ಇಂಗ್ಲಿಷ್‌ನಲ್ಲಿ ಉಳ್ಕೊಳ್ಳುತ್ತೆ."

ಇದಕ್ಕೆ ನನ್ನ ಜಗಳ ಇದೆ.

ಉಳ್ಕೊಂಡಿದ್ದು ಹೇಗೆ ಅಂತ ನೋಡು. 1831ರಲ್ಲಿ ಶುರುವಾದ ಸರ್ಕಾರಿ ಶಾಲೆಗಳಲ್ಲಿ ಪಾಠ ಇಂಗ್ಲಿಷ್‌ನಲ್ಲಿ. ಮಕ್ಕಳ ಕೊರಳಿಗೆ ಕೋಲು ಕಟ್ಟಿ, ಐರಿಷ್ ಮಾತಾಡಿದಾಗೆಲ್ಲ ಒಂದು ಗೀರು ಹಾಕಿ, ದಿನದ ಕೊನೆಗೆ ಗೀರು ಎಣಿಸಿ ಹೊಡೀತಿದ್ದ ಪದ್ಧತಿ ಇತ್ತು. ಎಷ್ಟೋ ಕಡೆ ತಂದೆತಾಯಿನೇ ಇದಕ್ಕೆ ಒಪ್ಪಿದ್ರು, ಇಂಗ್ಲಿಷ್ ಬಂದ್ರೆ ಮಕ್ಕಳು ಬದುಕ್ಕೋತಾರೆ ಅಂತ. 1845ರಿಂದ 1852ರ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ 10 ಲಕ್ಷ ಜನ ಹಡಗು ಹತ್ತಿದರು. ಹೆಚ್ಚು ಪೆಟ್ಟು ಬಿದ್ದಿದ್ದು ಐರಿಷ್ ಮಾತಾಡೋ ಪಶ್ಚಿಮದ ಬಡ ಊರುಗಳಿಗೆ. 2022ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ಐರಿಷ್ ಬರುತ್ತೆ ಅಂದಿದಾರೆ. ಶಾಲೆಯ ಹೊರಗೆ ದಿನಾ ಮಾತಾಡೋರು? ಸುಮಾರು 72 ಸಾವಿರ.

ಬಾಣಲೆ ಜಗಳ ಮುಗಿದ ಮೇಲೆ ಆ ಹುಡುಗಿ ಹತ್ರ ಕೇಳಿದೆ, ನಿನ್ನ 'ಆಫ್ಟರ್' ಐರಿಷ್‌ನಲ್ಲಿ ಏನು ಅಂತ. ಶಾಲೆಯಲ್ಲಿ ಹದಿಮೂರು ವರ್ಷ ಐರಿಷ್ ಓದಿದಾಳೆ. ಟಾಯ್ಲೆಟ್‌ಗೆ ಹೋಗ್ಲಾ ಅಂತ ಟೀಚರ್‌ನ ಕೇಳೋ ವಾಕ್ಯ ಮಾತ್ರ ಸರಾಗ ಬಂತು. ಉಳಿದಿದ್ದಕ್ಕೆ ಫೋನ್ ತೆಗೆದು ಹುಡುಕಿದ್ಲು. "ತರ್ ಏಶ್" ಅಂತ ಓದಿ, "ನಮ್ಮಜ್ಜಿ ಇದ್ದಿದ್ರೆ ಹೇಳ್ತಿದ್ರು" ಅಂದ್ಲು.

ವ್ಯಾಕರಣ ಅವಳ ಬಾಯಲ್ಲಿದೆ, ಭಾಷೆ ಫೋನಲ್ಲಿದೆ. ಇದನ್ನ 'ಉಳ್ಕೊಂಡಿದೆ' ಅಂತ ಹೇಳೋಕೆ ನನಗೆ ಮನಸ್ಸು ಬರ್ತಿಲ್ಲ ಮಗಾ. ಅವಳ ಇಂಗ್ಲಿಷ್ ಚೆಂದ ಅಂತ ಹೇಳ್ತೀನಿ, ಅದನ್ನ ತಪ್ಪು ಅಂದೋರ ಜೊತೆ ವಾದಾನೂ ಮಾಡ್ತೀನಿ. ಆದ್ರೆ ಅದನ್ನ ತೋರಿಸಿ ಕನ್ನಡಕ್ಕೆ ಇನ್ಶೂರೆನ್ಸ್ ಇದೆ ಅನ್ಬೇಡ.

ಸೆಪ್ಟೆಂಬರ್‌ಗೆ ಇಲ್ಲಿಗೆ ಬರ್ತಿರೋ ಜೂನಿಯರ್ಸ್, 'ಆಫ್ಟರ್' ಕೇಳಿದ ತಕ್ಷಣ ನಿಮ್ಮ ಪಾತ್ರೆ ನೀವೇ ತೊಳೀರಿ. ಮುಂದಿನ ಭಾಗ ಬಾಡಿಗೆ ಮನೆ ಹುಡುಕಿದ ಕಥೆ.