ಕಪ್ಪೆಯ ಹೆಸರಿನ ಅಂಚೆಯಣ್ಣ

ಮೊನ್ನೆ ನಮ್ಮ ಮೊಮ್ಮಗಳು ಶಾಲೆಯ ಪ್ರಾಜೆಕ್ಟನ್ನು ಫೋನಿನಿಂದ ಗೆಳತಿಗೆ ಕಳಿಸಿದಳು. "ತಲುಪಿತೇನಮ್ಮಾ?" ಎಂದೆ. "ಕಳಿಸಿದೆ ತಾತ" ಎಂದಳು. ನಾನು ಕೇಳಿದ್ದು ಒಂದು, ಅವಳು ಹೇಳಿದ್ದು ಇನ್ನೊಂದು. ಗೆಳತಿಯ ಮನೆಯಲ್ಲಿ ಆ ಹೊತ್ತು ನೆಟ್ ಇರಲಿಲ್ಲವಂತೆ. ರಾತ್ರಿ ಎಂಟಕ್ಕೆ ಎರಡನೆಯ ಟಿಕ್ ಬಿದ್ದ ಮೇಲೆಯೇ ಹುಡುಗಿ ಊಟಕ್ಕೆ ಬಂದದ್ದು.

ಮಕ್ಕಳೇ, ಕಳಿಸುವುದು ಬೇರೆ, ತಲುಪುವುದು ಬೇರೆ. ಈ ಪಾಠವನ್ನು ನಾನು ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಕಲಿತೆ. ಆಗ ವಾರದ ಲೆಕ್ಕವನ್ನು ಟ್ರಂಕ್ ಕಾಲಿನಲ್ಲಿ ಮೇಲಿನ ಕಚೇರಿಗೆ ಓದಿ ಹೇಳಬೇಕಿತ್ತು. ಲೈನಿನ ತುಂಬ ಗೊರಗೊರ. ನಾನು "ಎಂಬತ್ತೆರಡು" ಎಂದು ಕೂಗಿದೆ, ಆ ಕಡೆಯವರು "ತೊಂಬತ್ತೆರಡು" ಎಂದು ಬರೆದುಕೊಂಡರು. ತಪ್ಪು ಹಿಡಿಯಲು ಎರಡು ದಿನ ಹಿಡಿಯಿತು. ನಮ್ಮ ಅಕೌಂಟೆಂಟರು ಬೈಯಲಿಲ್ಲ. "ಒಂದೊಂದು ಸಾಲು ಹೇಳಿದ ಮೇಲೂ ಅದರ ಮೊತ್ತ ಹೇಳಿ. ಅವರು ಕೂಡಿ ನೋಡಿ 'ಸರಿ' ಅನ್ನೋವರೆಗೂ ಮುಂದಿನ ಸಾಲಿಗೆ ಹೋಗಬೇಡಿ" ಎಂದರು, ಅಷ್ಟೇ.

ಇದೇ ಬುದ್ಧಿಯನ್ನು ಕಂಪ್ಯೂಟರಿಗೆ ಕಲಿಸಿದ ಒಂದು ಪ್ರೋಗ್ರಾಂ ಇದೆ. ಅದರ ಹೆಸರು ಕರ್ಮಿಟ್. ಹುಟ್ಟಿದ್ದು ಅಮೆರಿಕದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, 1981ರಲ್ಲಿ. ಆಗ ಅಲ್ಲಿನ ವಿದ್ಯಾರ್ಥಿಗಳ ಕೆಲಸವೆಲ್ಲ ಒಂದು ದೊಡ್ಡ ಕಂಪ್ಯೂಟರಿನಲ್ಲಿ. ಅವರ ಮುಂದೆ ಇರುತ್ತಿದ್ದುದು ಟರ್ಮಿನಲ್, ಅಂದರೆ ಬರೀ ಪರದೆ ಮತ್ತು ಕೀಲಿಮಣೆ. ದೊಡ್ಡ ಯಂತ್ರದಲ್ಲಿ ಒಬ್ಬೊಬ್ಬರಿಗೆ ಸಿಗುತ್ತಿದ್ದ ಜಾಗ ಬಹಳ ಕಡಿಮೆ. ಬರೆದದ್ದನ್ನು ಉಳಿಸಿಕೊಳ್ಳಬೇಕಾದರೆ ಅದನ್ನು ಚಿಕ್ಕ ಕಂಪ್ಯೂಟರಿಗೆ ಇಳಿಸಿ, ಫ್ಲಾಪಿಯಲ್ಲಿ ತುಂಬಿಕೊಳ್ಳಬೇಕು. ಇಳಿಸುವುದು ಹೇಗೆ? ಎರಡರ ನಡುವೆ ಇದ್ದದ್ದು ಟರ್ಮಿನಲ್ಲಿನ ತಂತಿ ಒಂದೇ.

ಆ ತಂತಿ ಮಾಡಿದ್ದು ಮನುಷ್ಯರು ಟೈಪು ಮಾಡಿ ಓದುವುದಕ್ಕೆ. ಒಂದರ ಹಿಂದೆ ಒಂದು ಅಕ್ಷರ ಹೋಗುತ್ತದೆ. ನಡುವೆ ಒಂದು ಅಕ್ಷರ ಕೆಟ್ಟರೆ ನಾವು ಊಹಿಸಿ ಓದಿಕೊಳ್ಳುತ್ತೇವೆ. ಆದರೆ ಪ್ರೋಗ್ರಾಮಿನಲ್ಲಿ ಒಂದು ಅಕ್ಷರ ಕೆಟ್ಟರೂ ಅದು ಓಡುವುದಿಲ್ಲ. ಲೆಕ್ಕದಲ್ಲಿ ಒಂದು ಅಂಕಿ ಕೆಟ್ಟರೆ ಏನಾಗುತ್ತದೆಂದು ನಾನು ಆಗಲೇ ಹೇಳಿದೆ.

ಫ್ರಾಂಕ್ ಡ ಕ್ರೂಜ್ ಮತ್ತು ಬಿಲ್ ಕ್ಯಾಚಿಂಗ್ಸ್ ಎಂಬಿಬ್ಬರು ಇದಕ್ಕೆ ದಾರಿ ಹುಡುಕಿದರು. 1981ರ ಏಪ್ರಿಲ್ 29ರಂದು ಮೊದಲ ಫೈಲು ದಾಟಿತು. ದಾಟಿದ್ದು ಎಲ್ಲಿಗೆ ಗೊತ್ತೇ? ಅದೇ ಯಂತ್ರಕ್ಕೆ! ಡೆಕ್ ಸಿಸ್ಟಂ-20ರ ಎರಡು ಕಿಂಡಿಗಳ ನಡುವೆ ಒಂದು ತಂತಿ ಕಟ್ಟಿ, ಈ ಕಿವಿಯಿಂದ ಬಿಟ್ಟದ್ದನ್ನು ಆ ಕಿವಿಯಿಂದ ಕೇಳಿಸಿಕೊಂಡಿತು. ಹೆಸರು ಬಂದ ಕಥೆ ಇನ್ನೂ ತಮಾಷೆ. ಏನೆಂದು ಕರೆಯುವುದೆಂದು ಯೋಚಿಸುತ್ತಿದ್ದಾಗ ಗೋಡೆಯ ಮೇಲೆ ಗೊಂಬೆಗಳ ಚಿತ್ರದ ಕ್ಯಾಲೆಂಡರ್ ಇತ್ತಂತೆ. ಅದರಲ್ಲಿದ್ದ ಹಸಿರು ಕಪ್ಪೆಯೇ ಕರ್ಮಿಟ್. ಜಿಮ್ ಹೆನ್ಸನ್ ಎಂಬ ಗೊಂಬೆಯಾಟಗಾರ 1955ರಲ್ಲಿ ತನ್ನ ತಾಯಿಯ ಹಳೆಯ ಕೋಟಿನ ಬಟ್ಟೆಯಿಂದ ಅದನ್ನು ಹೊಲಿದು, ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣಾಗಿಸಿದ್ದ.

ಈ ಪ್ರೋಗ್ರಾಮಿನಲ್ಲಿ ಒತ್ತಲು ಚಿತ್ರಗಳಿಲ್ಲ. ಎಲ್ಲವನ್ನೂ ಮಾತಿನಲ್ಲೇ, ಅಂದರೆ ಟೈಪು ಮಾಡಿಯೇ ಹೇಳಬೇಕು. ಚಿಕ್ಕ ಕಂಪ್ಯೂಟರಿನಲ್ಲಿ 'ಕರ್ಮಿಟ್' ಎಂದು ಬರೆದು ಕರೆಯಬೇಕು. ಆಮೇಲೆ ಲೈನಿನ ವೇಗ ಹೇಳಿ 'ಕನೆಕ್ಟ್' ಎನ್ನಬೇಕು. ಈಗ ಪರದೆಯಲ್ಲಿ ಮಾತಾಡುವುದು ದೂರದ ದೊಡ್ಡ ಯಂತ್ರ. ಅಲ್ಲಿಯೂ ಒಬ್ಬ ಕರ್ಮಿಟ್‌ನನ್ನು ಎಬ್ಬಿಸಿ, 'ಸೆಂಡ್' ಎಂದು ಬರೆದು ಮುಂದೆ ಫೈಲಿನ ಹೆಸರು ಕೊಡಬೇಕು. ಅನಂತರ ಎರಡು ಕೀಲಿಗಳ ಸಂಕೇತ ಒತ್ತಿ ನಮ್ಮ ಯಂತ್ರಕ್ಕೆ ಹಿಂತಿರುಗಿ 'ರಿಸೀವ್' ಎನ್ನಬೇಕು.

ಹೊಸಬರು ಎಡವುವುದು ಇಲ್ಲೇ. ಪರದೆ ಒಂದೇ, ಹಿಂದೆ ಇರುವ ಯಂತ್ರ ಎರಡು. ದೂರದ್ದಕ್ಕೆ ಹೇಳಬೇಕಾದ್ದನ್ನು ಹತ್ತಿರದ್ದಕ್ಕೆ ಹೇಳಿದರೆ ಇಬ್ಬರೂ ಕಾಯುತ್ತ ಕೂರುತ್ತಾರೆ. ಮಾತಾಡುವ ಮೊದಲು ಯಾರ ಹತ್ತಿರ ಮಾತಾಡುತ್ತಿದ್ದೇವೆಂದು ನೋಡಿಕೊಳ್ಳುವುದು ಎಲ್ಲ ಕಡೆಯೂ ಒಳ್ಳೆಯದು. ಈ ತೊಡಕು ತಪ್ಪಿಸಲು ಮುಂದೆ ಇನ್ನೊಂದು ಉಪಾಯ ಬಂತು. ದೂರದ ಕರ್ಮಿಟ್‌ಗೆ 'ಸರ್ವರ್' ಎಂದುಬಿಟ್ಟರೆ ಅವನು ಅಪ್ಪಣೆಗೆ ಕಾದು ನಿಲ್ಲುತ್ತಾನೆ. ಇಲ್ಲಿಂದಲೇ 'ಗೆಟ್' ಎಂದರೆ ತಂದುಕೊಡುತ್ತಾನೆ. ಕೆಲಸ ಮುಗಿದು 'ಬೈ' ಎಂದರೆ ಬಾಗಿಲು ಹಾಕಿಕೊಂಡು ಹೋಗುತ್ತಾನೆ.

ಇನ್ನು ಫೈಲು ಸಾಗುವ ಬಗೆ. ಕರ್ಮಿಟ್ ಅದನ್ನು ಚಿಕ್ಕ ಪೊಟ್ಟಣಗಳಾಗಿ ಕಟ್ಟುತ್ತಾನೆ. ಮೊದಮೊದಲು ಒಂದು ಪೊಟ್ಟಣಕ್ಕೆ 90ರ ಆಸುಪಾಸು ಅಕ್ಷರ. ಪ್ರತಿ ಪೊಟ್ಟಣದ ಮೇಲೆ ಅದರ ಉದ್ದ, ಕ್ರಮಸಂಖ್ಯೆ, ಒಳಗೇನಿದೆ ಎಂಬ ಗುರುತು, ಕೊನೆಯಲ್ಲಿ ಒಂದು ತಾಳೆ ಅಕ್ಷರ. ಅಕ್ಷರಗಳಿಗೆಲ್ಲ ಕಂಪ್ಯೂಟರಿನೊಳಗೆ ಸಂಖ್ಯೆಗಳಿರುತ್ತವೆ. ಅವನ್ನು ಕೂಡಿದ ಮೊತ್ತವನ್ನು ಮೊಟಕು ಮಾಡಿ ಹಾಕಿದ್ದೇ ಆ ತಾಳೆ ಅಕ್ಷರ. ಪಡೆದವನೂ ಕೂಡಿ ನೋಡುತ್ತಾನೆ. ಹೊಂದಿದರೆ "5 ಬಂತು" ಎನ್ನುತ್ತಾನೆ, ಹೊಂದದಿದ್ದರೆ "5 ಸರಿಯಿಲ್ಲ, ಮತ್ತೆ ಕಳಿಸು" ಎನ್ನುತ್ತಾನೆ. ಅಲ್ಲಿಯವರೆಗೆ 6 ಹೊರಡುವುದಿಲ್ಲ.

"5 ಬಂತು" ಎಂಬ ಉತ್ತರವೇ ದಾರಿಯಲ್ಲಿ ಕಳೆದುಹೋದರೆ? ಕಳಿಸಿದವನು ಸ್ವಲ್ಪ ಹೊತ್ತು ಕಾದು 5ನ್ನೇ ಮತ್ತೆ ಕಳಿಸುತ್ತಾನೆ. ಪಡೆದವನು ಸಂಖ್ಯೆ ನೋಡಿ, ಇದು ಆಗಲೇ ಬಂದದ್ದು ಎಂದು ಪಕ್ಕಕ್ಕಿಟ್ಟು, ಇನ್ನೊಮ್ಮೆ "5 ಬಂತು" ಎನ್ನುತ್ತಾನೆ. ಸಂಖ್ಯೆ ಇಲ್ಲದಿದ್ದರೆ ಒಂದೇ ಸಾಲು ಎರಡು ಸಲ ಲೆಕ್ಕಕ್ಕೆ ಬರುತ್ತಿತ್ತು.

ಹೀಗೆ ನಿಂತು ನಿಂತು ಹೋದರೆ ತಡವಾಗುವುದಿಲ್ಲವೇ? ಆಗುತ್ತದೆ. 1200 ಬಿಟ್ ವೇಗದ ಲೈನಿನಲ್ಲಿ ಸೆಕೆಂಡಿಗೆ ಸುಮಾರು 120 ಅಕ್ಷರ. 36,000 ಅಕ್ಷರದ ಫೈಲಿಗೆ ಐದು ನಿಮಿಷ ಬೇಕೇ ಬೇಕು. ಪೊಟ್ಟಣದ ತೂಕ, ಕಾಯುವ ಹೊತ್ತು ಅದರ ಮೇಲೆ. ಕರ್ಮಿಟ್ ನಿಧಾನಿ ಎಂದು ಆಗ ಹಲವರು ನಕ್ಕರು. ಮುಂದೆ ದೊಡ್ಡ ಪೊಟ್ಟಣಗಳೂ, ಉತ್ತರಕ್ಕೆ ಕಾಯದೆ ಒಟ್ಟಿಗೆ ಹಲವನ್ನು ಕಳಿಸುವ ಕ್ರಮವೂ ಬಂದು ವೇಗ ಹೆಚ್ಚಿತು. ಆದರೆ ಕೆಟ್ಟ ಲೈನಿನಲ್ಲಿ, ಒಂದರ ಭಾಷೆ ಇನ್ನೊಂದಕ್ಕೆ ಬಾರದ ಯಂತ್ರಗಳ ನಡುವೆ, ದಡ ಮುಟ್ಟಿಸುತ್ತಿದ್ದವನು ಅವನೇ. ಹಲವು ಯಂತ್ರಗಳಲ್ಲಿ 'ಎ' ಎಂಬ ಇಂಗ್ಲಿಷ್ ದೊಡ್ಡಕ್ಷರದ ಸಂಖ್ಯೆ 65 ಆದರೆ, ಐಬಿಎಂನ ದೊಡ್ಡ ಯಂತ್ರಗಳಲ್ಲಿ 193! ಈ ಇಬ್ಬರಿಗೂ ಮಾತು ಬೆಳೆಸಿದ.

ಕೊಲಂಬಿಯಾದವರು ಇದನ್ನು ಬಚ್ಚಿಟ್ಟುಕೊಳ್ಳಲಿಲ್ಲ. ಕೇಳಿದವರಿಗೆ ಟೇಪಿನಲ್ಲಿ ತುಂಬಿ ಅಂಚೆಯಲ್ಲಿ ಕಳಿಸಿದರು. ಪಡೆದವರು ತಮ್ಮ ತಮ್ಮ ಯಂತ್ರಗಳಿಗೆ ಹೊಂದಿಸಿ ಹಿಂದಕ್ಕೆ ಕೊಟ್ಟರು. ಹೀಗೆ ನೂರಾರು ಬಗೆಯ ಕಂಪ್ಯೂಟರುಗಳಲ್ಲಿ ಈ ಕಪ್ಪೆ ನೆಲೆಸಿತು. ವಿಶ್ವವಿದ್ಯಾಲಯ 2011ರಲ್ಲಿ ತನ್ನ ಯೋಜನೆ ಮುಗಿಸಿತು, ಆದರೆ ಪ್ರೋಗ್ರಾಂ ಎಲ್ಲರಿಗೂ ಮುಕ್ತವಾಗಿ ಉಳಿದಿದೆ.

ಈಗ ನಿಮಗೊಂದು ಆಟ. ಇಬ್ಬರು ಎರಡು ಕೋಣೆಯಲ್ಲಿ ಕೂತು, ಮೂರನೆಯವನ ಕೈಯಲ್ಲಿ ಚೀಟಿ ಕಳಿಸಿ. ಚೀಟಿಯಲ್ಲಿ 4, 7, 2, 5 ಎಂದು ಬರೆದು ಕೊನೆಗೆ ಮೊತ್ತ 18 ಹಾಕಿ. ಮೂರನೆಯವನು ತುಂಟತನದಿಂದ 7ನ್ನು 1 ಮಾಡಿದರೆ ಮೊತ್ತ 12 ಆಗಿ ಸಿಕ್ಕಿಬೀಳುತ್ತಾನೆ. ಆದರೆ 7 ಮತ್ತು 2ನ್ನು ಅದಲುಬದಲು ಮಾಡಿದರೆ? ಮೊತ್ತ 18 ಆಗಿಯೇ ಉಳಿಯುತ್ತದೆ, ಕಳ್ಳ ಪಾರು! ಈಗ ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 2ರಿಂದ, ಹೀಗೆ ಗುಣಿಸಿ ಕೂಡಿ. ಸರಿಯಾದದ್ದು 44, ಅದಲುಬದಲಾದದ್ದು 49. ಕರ್ಮಿಟ್‌ಗೂ ಬರೀ ಮೊತ್ತ ಸಾಲದೆಂದು, ಅಕ್ಷರ ಯಾವ ಜಾಗದಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಇನ್ನೂ ಗಟ್ಟಿಯಾದ ತಾಳೆ ಕೊಟ್ಟಿದ್ದಾರೆ.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಮರುದಿನ ಅಂಗಡಿಗೆ ಹೋಗಿಬರಲು ಅವಳ ಅಜ್ಜಿ ಅಡುಗೆಮನೆಯಿಂದ ಮೂರು ಸಾಮಾನು ಕೂಗಿ ಹೇಳಿದಳು. ನಾನು "ಹೂಂ" ಎಂದೆ. ಹುಡುಗಿ ಚೀಲ ಹಿಡಿದು ಬಾಗಿಲಲ್ಲಿ ಅಡ್ಡ ನಿಂತಳು. "ಹೂಂ ಅಂದ್ರೆ ಆಗಲ್ಲ ತಾತ. ಏನೇನು ಅಂತ ವಾಪಸ್ ಹೇಳು."

ನನಗೆ ಎರಡೇ ನೆನಪಿತ್ತು.