ಇರಾಕ್ ಯುದ್ಧ: ಬ್ಲೇರ್ ಒಬ್ಬರದೇ ಹೊಣೆಯೇ?

ಇರಾಕ್ ಯುದ್ಧದ ಪಾಪವನ್ನೆಲ್ಲ ಟೋನಿ ಬ್ಲೇರ್ ಅವರ ತಲೆಗೆ ಕಟ್ಟಿ ಬ್ರಿಟನ್ನಿನ ಲೇಬರ್ ಪಕ್ಷವು ಕೈತೊಳೆದುಕೊಳ್ಳುವುದು ಸಲ್ಲದು. 2003ರ ಮಾರ್ಚ್ 18ರಂದು ಆ ದಾಳಿಗೆ ಸಂಸತ್ತು 412 ಮತಗಳ ಅನುಮೋದನೆಯನ್ನಿತ್ತಿತು. ಅವುಗಳಲ್ಲಿ ಬಹುಪಾಲು ಲೇಬರ್ ಸದಸ್ಯರವೇ. ಹಿಂದಿನ ದಿನವಷ್ಟೇ ರಾಬಿನ್ ಕುಕ್ ಸಚಿವ ಪದವಿಯನ್ನು ತ್ಯಜಿಸಿದ್ದರು. ಯುದ್ಧಕ್ಕೆ ಸಮರ್ಥನೆ ಇನ್ನೂ ಸಿದ್ಧಪಟ್ಟಿಲ್ಲವೆಂಬ ತಿದ್ದುಪಡಿಯನ್ನು ಅದೇ ಪಕ್ಷದ 139 ಮಂದಿ ಬೆಂಬಲಿಸಿದರು. ಆದುದರಿಂದ, ಬೇರೆ ದಾರಿಯಿರಲಿಲ್ಲವೆಂಬ ನೆಪ ಉಳಿದವರಿಗಿಲ್ಲ. ಬಲಪಂಥೀಯರು ಹೂಡಿದ ಯುದ್ಧ ಸಾಮ್ರಾಜ್ಯಶಾಹಿ, ತಮ್ಮವರು ಹೂಡಿದ್ದು ಮಾತ್ರ ನಾಯಕನೊಬ್ಬನ ಪ್ರಮಾದ ಎಂಬ ಎಡಪಂಥೀಯರ ಲೆಕ್ಕವನ್ನು ನಾನಂತೂ ಒಪ್ಪಲಾರೆ.

ಯುದ್ಧವು ಕೊನೆಯ ಉಪಾಯವಾಗಿರಲಿಲ್ಲವೆಂದು ಚಿಲ್ಕಾಟ್ ವರದಿ ಹೇಳಿದ್ದು 2016ರಲ್ಲಿ. ಆಗ ಪಕ್ಷದ ಪರವಾಗಿ ಕ್ಷಮೆ ಕೋರಿದವರು ಜೆರೆಮಿ ಕಾರ್ಬಿನ್. ಅವರಾದರೋ ಅಂದು ಯುದ್ಧದ ವಿರುದ್ಧ ಮತವಿತ್ತಿದ್ದವರು!